ಪಿಎಚ್‌ಪಿಯೋ, ಪೈಥಾನೋ, ನೋಡೋ: ಊರಿನ ವ್ಯವಹಾರಕ್ಕೆ ಯಾವ ಸ್ಟ್ಯಾಕ್?

2024ರ ಜುಲೈ. ಧೋ ಅಂತ ಮಳೆ. ಶಿರಸಿಯ ಒಂದು ಅಡಿಕೆ ವಖಾರಿಯಿಂದ ಫೋನ್ ಬಂತು. "ತಮಾ, ಬಿಲ್ಲು ಬತ್ತಾ ಇಲ್ಲೆ. ಮಾಡಿಕೊಟ್ಟ ಮಾಣಿ ಫೋನ್ ಎತ್ತತ್ನಿಲ್ಲೆ. ಎಂತ ಮಾಡವು?"

ಹೋಗಿ ನೋಡಿದೆ. ಸಾಫ್ಟ್‌ವೇರ್ ಕೆಟ್ಟದಾಗೇನೂ ಇರಲಿಲ್ಲ. 2016ರಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 5.6ನೇ ವರ್ಷನ್‌ನಲ್ಲಿ ಬರೆದದ್ದು. ಎಂಟು ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲವಂತೆ. ತಕರಾರು ಇಲ್ಲ ಅಂತ ಯಾರೂ ಮುಟ್ಟಿಯೂ ಇರಲಿಲ್ಲ. ಪಿಎಚ್‌ಪಿ 5.6ಕ್ಕೆ ಭದ್ರತೆಯ ಅಪ್‌ಡೇಟ್ ಬರುವುದು 2018ರ ಡಿಸೆಂಬರ್‌ಗೇ ನಿಂತಿತ್ತು. ಹೋಸ್ಟಿಂಗ್ (ಸಾಫ್ಟ್‌ವೇರ್ ಓಡಿಸುವ ಸರ್ವರಿನಲ್ಲಿ ಬಾಡಿಗೆ ಜಾಗ) ಕೊಟ್ಟವರು ಹಳೇ ವರ್ಷನ್ ಇಟ್ಟುಕೊಂಡು ಸಾಕಾಗಿ ಒಂದು ರಾತ್ರಿ ತೆಗೆದುಹಾಕಿದ್ದಾರೆ. ಎಚ್ಚರಿಕೆಯ ಮೇಲ್ ಹೋಗಿದ್ದು ಆ ಹುಡುಗನ ಕಾಲೇಜು ದಿನಗಳ ಐಡಿಗೆ. ಡೊಮೇನ್ ಅವನ ಹೆಸರಲ್ಲಿ, ಪಾಸ್‌ವರ್ಡ್ ಅವನ ತಲೆಯಲ್ಲಿ, ಅವನು ಬೆಂಗಳೂರಲ್ಲಿ. ಅವನದ್ದೂ ತಪ್ಪೇನಿಲ್ಲ ಬಿಡಿ. ಎಂಟು ವರ್ಷದ ಹಿಂದೆ ಒಂದು ಸಲ ದುಡ್ಡು ಕೊಟ್ಟದ್ದು, ಆಮೇಲೆ ದೀಪಾವಳಿಗೊಂದು ಫೋನೂ ಇಲ್ಲ.

ಒಂಬತ್ತು ದಿನ ವಖಾರಿಯಲ್ಲಿ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ಲು ಬರೆದರು.

ಇಂಥ ಕೆಲಸ ಮಾಡಿಕೊಂಡಿರುವ ಐದು ಜನರ ಸಣ್ಣ ತಂಡ ನಮ್ಮದು. ವಖಾರಿ, ಸಹಕಾರಿ ಸಂಘ, ಗೋಕರ್ಣದ ಹೋಂಸ್ಟೇ, ಕಾರವಾರದ ಮೀನು ವ್ಯಾಪಾರಿ, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಯಾವುದರಲ್ಲಿ ಮಾಡಿಸೋದು ಒಳ್ಳೇದು?" ಪ್ರಶ್ನೆಯೇ ಸ್ವಲ್ಪ ಓರೆ. ತೋಟ ಇದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಎಂಥ ಒಳ್ಳೆ ತಳಿಯ ಅಡಿಕೆ ನೆಟ್ಟರೂ ಕೊನೆ ಇಳಿಸಲು ಕೊನೆಗೌಡ ಬೇಕಲ್ವಾ? ಅವನು ಸಿಗದೇ ಹೋದರೆ ಫಸಲು ಮರದ ಮೇಲೇ. ಹಾಗಾಗಿ ನಾನು ವಾಪಸ್ ಕೇಳುವುದು ಎರಡೇ. ಇದು ಕೆಟ್ಟರೆ ಇಲ್ಲಿ ಯಾರು ಸರಿ ಮಾಡುತ್ತಾರೆ? ಎಷ್ಟು ವರ್ಷದವರೆಗೆ?

ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಇಟ್ಟ ಅಟ್ಟಿ ಅಷ್ಟೇ. ಮೇಲೆ ಕಣ್ಣಿಗೆ ಕಾಣುವ ಸ್ಕ್ರೀನ್, ಅದರ ಕೆಳಗೆ ಲೆಕ್ಕ ಮಾಡುವ ಕೋಡ್, ಅದರಡಿ ಡೇಟಾಬೇಸ್, ಎಲ್ಲದರ ಬುಡದಲ್ಲಿ ಒಂದು ಮಷೀನು. ನಡುವಿನ ಯಾವುದೋ ಒಂದು ಮೂಟೆ ಕೊಳೆತರೂ ಮೇಲಿನದೆಲ್ಲ ವಾಲುತ್ತದೆ.

ಬರೆಸಲೇಬೇಕಾ?

ಇದನ್ನು ಹೇಳಿ ನಾವೇ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇವೆ. ಪರವಾಗಿಲ್ಲ.

ಬರೀ ಲೆಕ್ಕ, ಜಿಎಸ್‌ಟಿ, ಸ್ಟಾಕು ಅಷ್ಟೇ ಆದರೆ ಟ್ಯಾಲಿ ಸಾಕು. ಅದನ್ನು ಬಲ್ಲ ಹುಡುಗ ಹುಡುಗಿಯರು ಶಿರಸಿ, ಕುಮಟಾ, ಹೊನ್ನಾವರ ಎಲ್ಲ ಕಡೆ ಸಿಗುತ್ತಾರೆ. ನನ್ನ ಎರಡೂ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಐದಾರು ರೂಮಿನ ಹೋಂಸ್ಟೇಗೆ ಗೂಗಲ್ ಶೀಟ್ ಮತ್ತು ವಾಟ್ಸಾಪ್ ಸಾಕು, ಸುಮ್ನೆ ಬುಕಿಂಗ್ ಸೈಟು ಕಟ್ಟಿಸಬೇಡಿ.

ಟ್ಯಾಲಿಗಿಂತ ಜಾಸ್ತಿ ಬೇಕು, ಆದರೆ ಮೊದಲಿಂದ ಬರೆಸುವಷ್ಟು ದುಡ್ಡಿಲ್ಲ ಅನ್ನುವವರಿಗೆ ಇಆರ್‌ಪಿನೆಕ್ಸ್ಟ್ ಅನ್ನುವ ಸಿದ್ಧ ಸಾಫ್ಟ್‌ವೇರ್ ಇದೆ. ಮುಂಬೈಯ ಫ್ರಾಪೆ ಕಂಪನಿಯವರದ್ದು, ಓಪನ್ ಸೋರ್ಸ್, ಪೈಥಾನ್ ಭಾಷೆ ಮತ್ತು ಮಾರಿಯಾಡಿಬಿ ಡೇಟಾಬೇಸ್ ಮೇಲೆ ನಿಂತಿದೆ. ಖರೀದಿ, ಗೋದಾಮು, ಲೆಕ್ಕ ಎಲ್ಲ ಒಂದೇ ಕಡೆ. ಆದರೆ ಅದಕ್ಕೆ ನಿಮ್ಮ ಪದ್ಧತಿಯನ್ನು ಸ್ವಲ್ಪ ಬಗ್ಗಿಸಬೇಕು. ಬಗ್ಗಲು ತಯಾರಿಲ್ಲದವರು ಅದನ್ನೇ ಕತ್ತರಿಸಿ ಹೊಲಿದು ಹಾಳು ಮಾಡುತ್ತಾರೆ. ಆಮೇಲೆ ಹೊಸ ವರ್ಷನ್ ಬಂದಾಗ ಏರಲೂ ಆಗುವುದಿಲ್ಲ, ಇಳಿಯಲೂ ಆಗುವುದಿಲ್ಲ.

ಮೂರು ಸ್ಟ್ಯಾಕ್, ಒಂದೇ ಪಟ್ಟಿ

ಬರೆಸಲೇಬೇಕು ಅಂದಾಗ ನಮ್ಮ ಕಡೆ ಮುಂದೆ ಬರುವ ಆಯ್ಕೆ ಮೂರು. ಪಿಎಚ್‌ಪಿಯ ಲಾರವೆಲ್ ಜೊತೆ ಮೈಎಸ್‌ಕ್ಯೂಎಲ್. ಪೈಥಾನ್‌ನ ಜಾಂಗೋ ಜೊತೆ ಪೋಸ್ಟ್‌ಗ್ರೆಸ್. ನೋಡ್, ರಿಯಾಕ್ಟ್ ಜೊತೆ ಮಾಂಗೋಡಿಬಿ. ಲಾರವೆಲ್, ಜಾಂಗೋ ಅಂದರೆ ಕೋಡ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು. ನೋಡ್ ಅಂದರೆ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರಿನಲ್ಲಿ ಓಡಿಸುವುದು, ರಿಯಾಕ್ಟ್ ಅದೇ ಭಾಷೆಯಲ್ಲಿ ಸ್ಕ್ರೀನ್ ಕಟ್ಟುವುದು. ಉಳಿದ ಮೂರು ಡೇಟಾಬೇಸ್. ಯೂಟ್ಯೂಬ್‌ನಲ್ಲಿ ಇವುಗಳ ಜಗಳ ನೋಡಿದರೆ ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಅನ್ನುವುದೇ ದೊಡ್ಡ ಮಾತು. ದಿನಕ್ಕೆ ಇನ್ನೂರು ಬಿಲ್ಲು ಹೊಡೆಯುವ ವಖಾರಿಗೆ ಆ ಮಾತು ಬೇಡವೇ ಬೇಡ. ಮೂರೂ ಸಾಕಾಗಿ ಮಿಗುತ್ತವೆ. ನಾವು ಬೇರೆ ಪರೀಕ್ಷೆ ಇಡುತ್ತೇವೆ. ರೈತನ ಕೈಗೆ ಕೊಡುವ ಒಂದು ಪಟ್ಟಿ (ಹೆಸರು, ತೂಕ, ದರ, ಮೊತ್ತ ಬರೆದ ಚೀಟಿ) ಕನ್ನಡದಲ್ಲಿ ಸರಿಯಾಗಿ ಬರಬೇಕು, ಅಷ್ಟೇ. ಮಾಡಿ ನೋಡಿ, ಅರ್ಧ ಸ್ಟ್ಯಾಕ್‌ನ ಬಂಡವಾಳ ಅಲ್ಲೇ ಗೊತ್ತಾಗುತ್ತದೆ.

ಹೆಸರಿನಿಂದ ಶುರು ಮಾಡೋಣ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿಗೆ ಯುಟಿಎಫ್-8 ಅನ್ನುತ್ತಾರೆ, ಕನ್ನಡದ ಒಂದು ಯುನಿಕೋಡ್ ಅಕ್ಷರಕ್ಕೆ ಅದರಲ್ಲಿ ಮೂರು ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಹಿಂದಿನಿಂದ 'ಯುಟಿಎಫ್8' ಅಂತ ಇರುವುದು ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಕನ್ನಡ ಚೆನ್ನಾಗಿಯೇ ಕೂರುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಒಂದು ದಿನ ಯಾರೋ ವಾಟ್ಸಾಪ್‌ನಿಂದ ವಿಳಾಸ ಕಾಪಿ ಮಾಡಿ ಹಾಕುತ್ತಾರೆ, ಜೊತೆಗೆ ಒಂದು ಕೈಮುಗಿಯುವ ಇಮೋಜಿ. ಅದಕ್ಕೆ ನಾಲ್ಕು ಬೈಟ್. ಸೆಟ್ಟಿಂಗ್ ಬಿಗಿ ಇದ್ದರೆ ಎರರ್ ಬರುತ್ತದೆ. ಸಡಿಲ ಇದ್ದರೆ ಇಮೋಜಿಯಿಂದ ಮುಂದಿನ ವಿಳಾಸವೆಲ್ಲ ಸದ್ದಿಲ್ಲದೆ ಮಾಯ. ನಮಗೇ ಆಗಿದೆ. 'ಯುಟಿಎಫ್8ಎಂಬಿ4' ಅಂತ ಕೊಟ್ಟರೆ ಈ ರಗಳೆ ಇಲ್ಲ, ಮೈಎಸ್‌ಕ್ಯೂಎಲ್ 8ರಿಂದ ಅದೇ ಡಿಫಾಲ್ಟ್. ಪೋಸ್ಟ್‌ಗ್ರೆಸ್‌ನ ಯುಟಿಎಫ್8 ಪೂರ್ತಿ ಯುಟಿಎಫ್8. ಇಲ್ಲಿ ಪೋಸ್ಟ್‌ಗ್ರೆಸ್‌ಗೆ ಒಂದು ಅಂಕ.

ಆಮೇಲೆ ದುಡ್ಡು. ರಾಶಿ ಅಡಿಕೆ ಕ್ವಿಂಟಲಿಗೆ 47,899 ರೂಪಾಯಿ ಅಂದುಕೊಳ್ಳಿ. ತೂಕ 3 ಕ್ವಿಂಟಲ್ 27 ಕೆಜಿ 400 ಗ್ರಾಂ. ಗುಣಿಸಿದರೆ 1,56,821 ರೂಪಾಯಿ 32.6 ಪೈಸೆ. ಇದನ್ನು ಎಲ್ಲಿ, ಹೇಗೆ ರೌಂಡ್ ಮಾಡುತ್ತೀರಿ ಅನ್ನುವುದರ ಮೇಲೆ ವರ್ಷದ ಕೊನೆಗೆ ಖಾತೆ ತಾಳೆ ಆಗಬೇಕು. ಬ್ರೌಸರಿನ ಕನ್ಸೋಲ್ ತೆರೆದು ಜಾವಾಸ್ಕ್ರಿಪ್ಟ್‌ಗೆ 0.1 ಮತ್ತು 0.2 ಕೂಡಿಸು ಅನ್ನಿ. 0.30000000000000004 ಅನ್ನುತ್ತದೆ. ಬಗ್ ಅಲ್ಲ, ದಶಮಾಂಶವನ್ನು ಬೈನರಿಯಲ್ಲಿ ಇಡುವ ರೀತಿಯೇ ಹಾಗೆ. ಹೀಗೆ ಇಟ್ಟ ಸಂಖ್ಯೆಗೆ ಫ್ಲೋಟ್ ಅನ್ನುತ್ತಾರೆ, ಪೈಥಾನ್, ಪಿಎಚ್‌ಪಿಗಳ ಫ್ಲೋಟ್ ಕೂಡ ಇದನ್ನೇ ಮಾಡುತ್ತದೆ. ವ್ಯತ್ಯಾಸ ಏನೆಂದರೆ ಪೈಥಾನ್‌ನಲ್ಲಿ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ 'ಡೆಸಿಮಲ್' ಭಾಷೆಯ ಜೊತೆಗೇ ಬರುತ್ತದೆ, ಜಾಂಗೋದಲ್ಲಿ ಅದಕ್ಕೆ ನೇರ ಫೀಲ್ಡ್ ಇದೆ. ಪಿಎಚ್‌ಪಿಗೆ ಅದೇ ಕೆಲಸಕ್ಕೆ ಬಿಸಿಮ್ಯಾಥ್ ಇದೆ. ಜಾವಾಸ್ಕ್ರಿಪ್ಟ್‌ಗೆ ಹೊರಗಿನ ಲೈಬ್ರರಿ ತರಬೇಕು, ಇಲ್ಲವೇ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಬೇಕು. ಮಾಡಬಹುದು. ಆದರೆ ಹೊಸ ಹುಡುಗರು ಮರೆಯುತ್ತಾರೆ.

ಪಟ್ಟಿ ಪಿಡಿಎಫ್ ಆಗಬೇಕು. ಇಲ್ಲಿ ಬರುತ್ತದೆ ನೋಡಿ ತಮಾಷೆ. ಸ್ಕ್ರೀನಿನಲ್ಲಿ 'ಕೃಷ್ಣ' ಚಂದ ಕಾಣುತ್ತಾನೆ. ಪಿಡಿಎಫ್‌ನಲ್ಲಿ ಷ ಒಂದು ಕಡೆ, ಣ ಒಂದು ಕಡೆ, ನಡುವೆ ಒಂದು ಅರ್ಧ ಕೊಂಬು. ಒತ್ತಕ್ಷರ ಜೋಡಿಸುವ ವಿದ್ಯೆ ಎಷ್ಟೋ ಪಿಡಿಎಫ್ ಲೈಬ್ರರಿಗಳಿಗೆ ಗೊತ್ತೇ ಇಲ್ಲ. ಮೊದಲ ಸಲ ಇಂಥ ಪಟ್ಟಿ ಕೈಗೆ ಕೊಟ್ಟಾಗ ಒಬ್ಬರು ಹಿರಿಯರು ಕನ್ನಡಕ ಏರಿಸಿ ನೋಡಿ, "ಇದು ಎಂತ, ತೆಲುಗಾ?" ಅಂದಿದ್ದರು. ಪಿಎಚ್‌ಪಿಯಲ್ಲಿ ಎಂಪಿಡಿಎಫ್, ಪೈಥಾನ್‌ನಲ್ಲಿ ವೀಸಿಪ್ರಿಂಟ್ ಈ ಕೆಲಸವನ್ನು ಸರಿಯಾಗಿ ಮಾಡುತ್ತವೆ. ನೋಡ್‌ನಲ್ಲಿ ಪಪೆಟಿಯರ್ ಇದೆ, ಹಿಂದಿನಿಂದ ಕ್ರೋಮ್ ಬ್ರೌಸರನ್ನೇ ಓಡಿಸಿ ಪಿಡಿಎಫ್ ತೆಗೆಯುತ್ತದೆ. ಅಕ್ಷರ ಅಂದರೆ ಅದರದ್ದೇ ಅಕ್ಷರ, ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ.

ಎಸ್ಸೆಮ್ಮೆಸ್‌ಗೂ ಒಂದು ಮಾತು. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡ ಹಾಕಿದರೆ 70. ಅದೂ ಅಕ್ಷರ ಎಣಿಸುವ ಲೆಕ್ಕ ಬೇರೆ. 'ಶ್ರೀಕೃಷ್ಣ' ಕಣ್ಣಿಗೆ ಮೂರು ಅಕ್ಷರ, ಎಸ್ಸೆಮ್ಮೆಸ್ ಲೆಕ್ಕಕ್ಕೆ ಒಂಬತ್ತು. ಯಾವ ಸ್ಟ್ಯಾಕೂ ಇದರಿಂದ ಪಾರು ಮಾಡುವುದಿಲ್ಲ, ಖರ್ಚು ಲೆಕ್ಕ ಹಾಕುವಾಗ ನೆನಪಿರಲಿ.

ಇನ್ನು ಬಾಳಿಕೆ. ಲಾರವೆಲ್ ವರ್ಷಕ್ಕೊಂದು ದೊಡ್ಡ ವರ್ಷನ್ ತರುತ್ತದೆ, ಒಂದೊಂದಕ್ಕೆ ಎರಡು ವರ್ಷ ಭದ್ರತೆಯ ಅಪ್‌ಡೇಟ್. ಜಾಂಗೋದ ದೀರ್ಘ ಬಾಳಿಕೆಯ ವರ್ಷನ್‌ಗೆ ಮೂರು ವರ್ಷ. 4.2 ಬಂದದ್ದು 2023ರ ಏಪ್ರಿಲ್, ಅದರ ಆಯುಷ್ಯ 2026ರ ಏಪ್ರಿಲ್‌ವರೆಗೆ. ನೋಡ್ 18 ಕೂಡ 2022ರ ಏಪ್ರಿಲ್‌ನಿಂದ 2025ರ ಏಪ್ರಿಲ್‌ವರೆಗೆ ಮೂರೇ ವರ್ಷ. ಪೋಸ್ಟ್‌ಗ್ರೆಸ್ ಮಾತ್ರ ಪ್ರತಿ ವರ್ಷನ್ನನ್ನೂ ಐದು ವರ್ಷ ಸಾಕುತ್ತದೆ.

ಕಾಗದದ ಮೇಲೆ ನೋಡ್ ಮತ್ತು ಜಾಂಗೋ ಸಮ ಅನ್ನಿಸುತ್ತದೆ. ಆದರೆ ನೋಡ್‌ನಲ್ಲಿ ಸಣ್ಣ ಸಣ್ಣ ಪ್ಯಾಕೇಜ್‌ಗಳನ್ನು ಪೇರಿಸಿ ಕಟ್ಟುವ ರೂಢಿ. 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಅನ್ನುವ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. ನಾಲ್ಕು ವರ್ಷ ಮುಚ್ಚಿಟ್ಟ ನೋಡ್ ಪ್ರಾಜೆಕ್ಟ್ ತೆರೆಯುವುದು ಅಂದರೆ ನನಗೆ ಮಳೆಗಾಲ ಮುಗಿದ ಮೇಲೆ ಅಟ್ಟದ ಪೆಟ್ಟಿಗೆ ತೆರೆದ ಹಾಗೆ. ಒಳಗೆ ಏನು ಹೊರಡುತ್ತದೋ.

ಹಾಗಂತ ನೋಡ್ ಬೇಡ ಅಂತಲ್ಲ. ತೂಕದ ಯಂತ್ರದ ಅಂಕಿ ಕ್ಷಣಕ್ಷಣಕ್ಕೆ ಸ್ಕ್ರೀನಿನಲ್ಲಿ ಬದಲಾಗಬೇಕು, ಮೀನಿನ ಹರಾಜಿನ ದರ ಹತ್ತು ಮೊಬೈಲಿನಲ್ಲಿ ಒಟ್ಟಿಗೆ ಕಾಣಬೇಕು ಅನ್ನುವ ಕಡೆ ಅದು ಸಲೀಸು. ಆ ಒಂದು ತುಂಡಿಗೆ ಅದನ್ನು ಇಡಿ, ಖಾತೆ ಅದರ ಕೈಗೆ ಕೊಡಬೇಡಿ. ಮಾಂಗೋಡಿಬಿಯ ಬಗ್ಗೆಯೂ ನನ್ನದು ಇದೇ ಅಭಿಪ್ರಾಯ. 2018ರಿಂದ ಅದರಲ್ಲಿ ಹಲವು ದಾಖಲೆಗಳ ವಹಿವಾಟು ಒಟ್ಟಿಗೆ ಮಾಡಬಹುದು ನಿಜ. ಆದರೆ ರೈತ, ಪಟ್ಟಿ, ಪಾವತಿ ಇವು ಹುಟ್ಟಿನಿಂದಲೇ ಟೇಬಲ್‌ಗಳು.

ನನಗೆ ಇಷ್ಟ ಜಾಂಗೋ ಮತ್ತು ಪೋಸ್ಟ್‌ಗ್ರೆಸ್. ಆದರೆ ಶಿರಸಿಯಲ್ಲಿ ತುರ್ತಿಗೆ ಸಿಗುವವರು ಪಿಎಚ್‌ಪಿಯವರೇ ಜಾಸ್ತಿ. ಕಾರವಾರ, ಹಳಿಯಾಳ, ಭಟ್ಕಳದ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಮಕ್ಕಳಿಗೆ ಪೈಥಾನ್ ಬರುತ್ತದೆ, ರಿಯಾಕ್ಟೂ ಬರುತ್ತದೆ, ಹುಬ್ಬಳ್ಳಿ ಬೆಂಗಳೂರಿನ ಬಸ್ಸಿನ ಟೈಮೂ ಗೊತ್ತಿರುತ್ತದೆ. ಉಳಿಯುವವರು ಯಾರು ನೋಡಿ, ಅವರಿಗೆ ಬರುವುದನ್ನು ಆರಿಸಿ.

ಜಾವಾ ಮತ್ತು ಡಾಟ್‌ನೆಟ್ ಬಗ್ಗೆ ಬೇಗ ಮುಗಿಸುತ್ತೇನೆ. ಎರಡೂ ಗಟ್ಟಿ. 2014ರಲ್ಲಿ ಬಂದ ಜಾವಾ 8ರ ಕೋಡ್ ಇವತ್ತಿಗೂ ಎಷ್ಟೋ ಕಡೆ ಓಡುತ್ತಿದೆ. ದೊಡ್ಡ ಸಹಕಾರಿ ಸಂಘ, ಬ್ಯಾಂಕಿನ ವ್ಯವಹಾರ, ಇಪ್ಪತ್ತು ಶಾಖೆ ಅಂತಾದರೆ ಅವೇ ಸರಿ. ಮೂರು ಜನರ ವಖಾರಿಗೆ ಲಾರಿ ತಂದು ಹಾಲು ಹಾಕಿಸಿಕೊಂಡ ಹಾಗೆ ಆಗುತ್ತದೆ.

ದೊಡ್ಡವರನ್ನು ನೋಡಿ ಆರಿಸುವವರೂ ಇದ್ದಾರೆ. 2014ರಲ್ಲಿ ಫೇಸ್‌ಬುಕ್ ಕೊಳ್ಳುವಾಗ ವಾಟ್ಸಾಪ್‌ಗೆ ಸುಮಾರು 45 ಕೋಟಿ ಬಳಕೆದಾರರಿದ್ದರು, ಇಂಜಿನಿಯರ್‌ಗಳು ಮೂವತ್ತು ಚಿಲ್ಲರೆ. ಬರೆದದ್ದು ಅರ್ಲಾಂಗ್‌ನಲ್ಲಿ, ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಮಾಡಿಕೊಂಡ ಭಾಷೆ. ಲಕ್ಷಗಟ್ಟಲೆ ಸಂಪರ್ಕ ಒಟ್ಟಿಗೆ ಹಿಡಿದಿಡುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಅವರ ಆಯ್ಕೆ ಸರಿ. ಆದರೆ ನಮ್ಮ ಹುಲೇಕಲ್ ರಸ್ತೆಯಲ್ಲಿ ಅರ್ಲಾಂಗ್ ಬಲ್ಲವರನ್ನು ಹುಡುಕಿ ನೋಡಿ. ಫೇಸ್‌ಬುಕ್‌ನವರದ್ದು ಇನ್ನೊಂದು ದಾರಿ. ಶುರು ಮಾಡಿದ್ದು ಪಿಎಚ್‌ಪಿಯಲ್ಲಿ. ಅದು ಸಾಲದೇ ಬಂದಾಗ ಕೋಡನ್ನೆಲ್ಲ ಎಸೆಯಲಿಲ್ಲ, ಪಿಎಚ್‌ಪಿಯನ್ನು ವೇಗವಾಗಿ ಓಡಿಸುವ ಎಂಜಿನ್ನನ್ನೇ ತಾವು ಕಟ್ಟಿದರು, 2014ರಲ್ಲಿ ಅದರಿಂದ ಹ್ಯಾಕ್ ಅನ್ನುವ ಭಾಷೆ ತಂದರು. ಇದ್ದ ಮನೆ ಕೆಡವದೆ ಮಾಡು ಬದಲಿಸಿದ ಹಾಗೆ.

ಮೈಕ್ರೋಸರ್ವೀಸ್ (ಒಂದು ಸಾಫ್ಟ್‌ವೇರನ್ನು ಸಣ್ಣ ಸಣ್ಣ ಬೇರೆ ಪ್ರೋಗ್ರಾಮ್‌ಗಳಾಗಿ ಒಡೆಯುವುದು) ಬೇಕಾ ಅಂತ ಕೇಳಿದವರಿಗೆ ಒಂದೇ ಉತ್ತರ: ಬೇಡ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡವೇ ತಮ್ಮ ವಿಡಿಯೋ ತಪಾಸಣೆಯ ವ್ಯವಸ್ಥೆಯನ್ನು ಚೂರು ಚೂರಾಗಿದ್ದಲ್ಲಿಂದ ಒಂದೇ ಪ್ರೋಗ್ರಾಮಿಗೆ ತಂದು ಖರ್ಚನ್ನು ಶೇ. 90ರಷ್ಟು ಇಳಿಸಿತು.

ಆ್ಯಪ್ ಬೇಕಾ, ಸೈಟ್ ಸಾಕಾ?

ಎಲ್ಲರಿಗೂ ಆ್ಯಪ್ ಬೇಕು. ಪ್ಲೇ ಸ್ಟೋರ್‌ನಲ್ಲಿ ತಮ್ಮ ಹೆಸರು ಕಾಣಬೇಕು. ಹಾಕುವುದಕ್ಕೆ ಒಂದು ಸಲ 25 ಡಾಲರ್, ಐಫೋನಿಗೆ ವರ್ಷಕ್ಕೆ 99 ಡಾಲರ್. ಅದು ಸಣ್ಣ ಖರ್ಚು. ದೊಡ್ಡದು ಬೇರೆ. ಆ್ಯಪ್ ಹೊಸ ಆಂಡ್ರಾಯ್ಡ್‌ಗೆ ಹೊಂದುವಂತಿರಬೇಕು ಅಂತ ಗೂಗಲ್ ಪ್ರತಿ ವರ್ಷ ಗಡುವು ಕೊಡುತ್ತದೆ. ನೀವು ಏನೂ ಬದಲಿಸದಿದ್ದರೂ ವರ್ಷಕ್ಕೊಮ್ಮೆ ಯಾರಾದರೂ ಕೂತು ಕೆಲಸ ಮಾಡಲೇಬೇಕು.

ನಾವು ಮೊದಲು ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಸೈಟ್ ಮಾಡಿಕೊಡುತ್ತೇವೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಬರೆದುಕೊಳ್ಳಬೇಕು ಅಂದರೆ ಮಾತ್ರ ಆ್ಯಪ್. ಸಿದ್ದಾಪುರ, ಯಲ್ಲಾಪುರದ ಒಳಗಿನ ಮನೆಗಳಿಗೆ ಹೋಗಿ ಅಡಿಕೆ ಖರೀದಿಸುವವರಿಗೆ, ಕಾರವಾರದ ಬೈತಖೋಲದಿಂದ ಸಮುದ್ರಕ್ಕಿಳಿಯುವ ಬೋಟಿನವರಿಗೆ ಅದು ಬೇಕೇ ಬೇಕು. ಅಲ್ಲಿ ಫ್ಲಟರ್ ಸಾಕು, ಒಂದೇ ಕೋಡಿನಲ್ಲಿ ಎರಡೂ ಬಗೆಯ ಫೋನ್.

ಮಷೀನು ಎಲ್ಲಿಡೋದು?

ಆಫೀಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದನ್ನೇ ಸರ್ವರ್ ಅನ್ನುವುದು ಅಗ್ಗ. ಇಂಟರ್ನೆಟ್ ಲೈನ್ ಹೋದರೂ ಬಿಲ್ಲು ನಿಲ್ಲುವುದಿಲ್ಲ, ನಮ್ಮ ಮಳೆಗೆ ಇದು ಸಣ್ಣ ಮಾತಲ್ಲ. ಆದರೆ ಯುಪಿಎಸ್ ಬೇಕು, ಸಿಡಿಲಿನ ಭಯ ಇದೆ, ಇಲಿ ಇದೆ. ಅದು ಕೆಟ್ಟ ದಿನವೇ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಕುಮಟಾದಿಂದ ರಿಪೇರಿಯವರು ಮೇಲೆ ಬರುವುದೂ ಕಷ್ಟ.

ತಿಂಗಳಿಗೆ ಇಷ್ಟು ಅಂತ ಬಾಡಿಗೆಗೆ ಸಿಗುವ ಸಣ್ಣ ವರ್ಚುವಲ್ ಸರ್ವರ್ ನಮ್ಮ ಬಹುಪಾಲು ಗಿರಾಕಿಗಳಿಗೆ ಸರಿ. ಬಿಲ್ ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ದೊಡ್ಡ ಕ್ಲೌಡ್‌ಗಳೂ ಈಗ ದೂರ ಇಲ್ಲ, ಅಮೆಜಾನ್‌ನ ಮುಂಬೈ ಕೇಂದ್ರ 2016ರಿಂದ ಇದೆ. ಮಾರಿಕಾಂಬಾ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ ಜನ ಒಮ್ಮೆಲೇ ನುಗ್ಗುವ ಸೈಟ್ ಆದರೆ ಅಲ್ಲಿ ಸರ್ವರ್ ಹಿಗ್ಗಿಸಿ ಕುಗ್ಗಿಸಬಹುದು. ಬಿಟ್ಟರೆ ಅಲ್ಲಿನ ಬಿಲ್ ಓದುವುದಕ್ಕೇ ಒಬ್ಬ ಬೇಕು.

ಎಲ್ಲಿಟ್ಟರೂ ಬ್ಯಾಕಪ್ ಬೇರೆ ಕಡೆ ಇರಲಿ. ತೆಗೆದುಕೊಂಡರೆ ಸಾಲದು, ಮೂರು ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಮಷೀನಿಗೆ ಹಾಕಿ ತೆರೆದು ನೋಡಬೇಕು. ಒಬ್ಬರ ಪೆನ್‌ಡ್ರೈವ್‌ನಲ್ಲಿ ಎರಡು ವರ್ಷದ ಬ್ಯಾಕಪ್ ಇತ್ತು, ಎಲ್ಲ ಸೊನ್ನೆ ಬೈಟ್.

ಆರಿಸಿದ ಮೇಲೆ

ತೋಟದಲ್ಲಿ ಕೊಳೆರೋಗ ಬಂದ ಮೇಲೆ ಮದ್ದು ಹೊಡೆದರೆ ಏನು ಬಂತು? ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಯಬೇಕು. ಅಪ್‌ಡೇಟ್ ಕೂಡ ಅಷ್ಟೇ, ಬಿಡುವಿನ ಕಾಲ ನೋಡಿ ಮೊದಲೇ ಮಾಡುವುದು. ಅಡಿಕೆಯವರಿಗೆ ಕೊಯ್ಲಿನ ಗಡಿಬಿಡಿ ಇಲ್ಲದ ಮಳೆಗಾಲ. ಕಾರವಾರದ ಮೀನಿನವರಿಗೆ ಇನ್ನೂ ಅನುಕೂಲ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ದಡದಲ್ಲೇ. ಅವರ ದೊಡ್ಡ ಅಪ್‌ಗ್ರೇಡ್ ಎಲ್ಲ ನಾವು ಜೂನ್‌ಗೆ ಇಟ್ಟುಕೊಳ್ಳುತ್ತೇವೆ.

ಇನ್ನೊಂದು, ಏನೇನು ಹಾಕಿದ್ದೀರಿ ಅಂತ ಬರೆದಿಡುವುದು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಸಿಕ್ಕಿತು. ಸರಿ ಮಾಡಿದ ವರ್ಷನ್ ಬೇಗನೇ ಬಂತು. ಆದರೆ ಅದು ತಮ್ಮ ಯಾವ ಯಾವ ಸಾಫ್ಟ್‌ವೇರ್‌ನ ಒಳಗೆ ಅಡಗಿದೆ ಅಂತ ಹುಡುಕುವುದರಲ್ಲೇ ದೊಡ್ಡ ದೊಡ್ಡ ಕಂಪನಿಗಳು ವಾರಗಟ್ಟಲೆ ಕಳೆದವು. ಪಟ್ಟಿ ಇರಲಿಲ್ಲ, ಅಷ್ಟೇ. ಲೈಸೆನ್ಸ್ ಕೂಡ ಆ ಪಟ್ಟಿಯಲ್ಲಿ ಇರಲಿ. ರೆಡಿಸ್ ಅನ್ನುವ ಡೇಟಾಬೇಸ್ 2024ರ ಮಾರ್ಚ್‌ನಲ್ಲಿ ಲೈಸೆನ್ಸ್ ಬದಲಿಸಿದಾಗ ಅದರ ಹಳೇ ಕೋಡಿನಿಂದ ವಾಲ್ಕಿ ಅಂತ ಇನ್ನೊಂದು ಕವಲೊಡೆಯಿತು. ನಮ್ಮಂಥ ಸಣ್ಣವರಿಗೆ ಅದರಿಂದ ತೊಂದರೆ ಆಗಲಿಲ್ಲ, ಆದರೆ ಯಾವ ಗಿರಾಕಿಯ ಹತ್ತಿರ ರೆಡಿಸ್ ಇದೆ ಅಂತ ತಿಳಿಯಲು ನನಗೇ ಅರ್ಧ ದಿನ ಹಿಡಿಯಿತು.

ಡೊಮೇನ್, ಸರ್ವರ್, ಪ್ಲೇ ಸ್ಟೋರ್, ಎಸ್ಸೆಮ್ಮೆಸ್ ಎಲ್ಲ ಖಾತೆಯೂ ಯಜಮಾನರ ಹೆಸರಲ್ಲಿ, ಅಂಗಡಿಯ ಮೇಲ್ ಐಡಿಯಲ್ಲಿ ಇರಲಿ. ಬರೆದುಕೊಡುವವರ ಹೆಸರಲ್ಲಿ ಬೇಡ, ನಮ್ಮ ಹೆಸರಲ್ಲೂ ಬೇಡ. ಮಾಡಿಸುವಾಗ ಕೊಟ್ಟ ದುಡ್ಡಿನ ಐದನೇ ಒಂದು ಭಾಗ ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡಿ ಅಂತ ನಾವು ಹೇಳುತ್ತೇವೆ. ಕೇಳಿದ ಕೂಡಲೇ ಮುಖ ಸಣ್ಣದಾಗುತ್ತದೆ. ತೋಟಕ್ಕೆ ವರ್ಷ ವರ್ಷ ಸೊಪ್ಪು ಗೊಬ್ಬರ ಹಾಕುವಾಗ ಆಗದ ಮುಖ ಇಲ್ಲಿ ಯಾಕೆ ಆಗುತ್ತದೋ ಗೊತ್ತಿಲ್ಲ.

ಆ ವಖಾರಿಗೆ ಕಡೆಗೆ ಏನು ಮಾಡಿದೆವು ಅಂದರೆ, ಜಾಂಗೋ ನನಗೆ ಎಷ್ಟೇ ಇಷ್ಟ ಇದ್ದರೂ ಪಿಎಚ್‌ಪಿಯನ್ನೇ ಇಟ್ಟೆವು. ಎಂಟು ವರ್ಷದ ಲೆಕ್ಕದ ನಿಯಮಗಳೆಲ್ಲ ಆ ಕೋಡಿನಲ್ಲಿದ್ದವು. ಚಾಲಿ ಅಡಿಕೆಗೆ ಎಷ್ಟು ಕಳೆಯಬೇಕು, ಬೆಟ್ಟೆ ಅಡಿಕೆಗೆ ಎಷ್ಟು, ಯಾರಿಗೆ ಎಷ್ಟು ಮುಂಗಡ, ಎಲ್ಲ. ಅದನ್ನು ಹೊಸ ಭಾಷೆಗೆ ತರುವ ಧೈರ್ಯ ನನಗಿರಲಿಲ್ಲ. 8.3ಕ್ಕೆ ಏರಿಸಿ, ಡೇಟಾಬೇಸ್ ಬದಲಿಸಿ, ಪಿಡಿಎಫ್ ಸರಿ ಮಾಡಿ ಕೊಟ್ಟೆವು. ಅದಕ್ಕೆ ಭದ್ರತೆಯ ಅಪ್‌ಡೇಟ್ 2027ರ ಡಿಸೆಂಬರ್ 31ರವರೆಗೆ ಇದೆ ಅಂದೆ. ಯಜಮಾನರು ಗೋಡೆಯ ಕ್ಯಾಲೆಂಡರ್ ತಿರುವಿದರು. ಅದರಲ್ಲಿ ಆ ವರ್ಷ ಇರಲಿಲ್ಲ. ಖಾತೆ ಪುಸ್ತಕದ ಮೊದಲ ಪುಟದಲ್ಲಿ, ಕುಂಕುಮ ಹಚ್ಚಿದ ಶ್ರೀಕಾರದ ಕೆಳಗೆ, ತಾರೀಖು ಬರೆದು ನನ್ನ ಫೋನ್ ನಂಬರ್ ಬರೆದರು. ಆಮೇಲೆ ಪೆನ್ನು ಎತ್ತದೆ ಕೇಳಿದರು: "ನೀನು ಸಿಕ್ಕದಿದ್ರೆ ಯಾರಿಗೆ ಮಾಡವು, ಅದನ್ನೂ ಹೇಳು."